ರೇಗನ್ಸ್‌ಬುರ್ಗ್: ಹೊಳೆ ಬೆಳೆಸಿದ ಊರು, ದುಡ್ಡು ಬಿಟ್ಟುಹೋದ್ದರಿಂದ ಉಳಿದ ಊರು

ಮಳೆಬಿಲ್ಲು_22

ಜರ್ಮನಿಯ ಬವೇರಿಯಾದಲ್ಲಿ ಡಾನ್ಯೂಬ್ ದಂಡೆ ಮೇಲಿರುವ ರೇಗನ್ಸ್‌ಬುರ್ಗ್ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ‘ಚೆಂದದ ಹಳೇ ಊರು, ಕಲ್ಲಿನ ಸೇತುವೆ, ದೊಡ್ಡ ಚರ್ಚು’ ಅನ್ನುವುದಕ್ಕಿಂತ ಹೆಚ್ಚು ಸಿಗುವುದಿಲ್ಲ. ಊರು ಅಲ್ಲೇ ಯಾಕೆ ಹುಟ್ಟಿತು? ಸುಮಾರು 880 ವರ್ಷದ ಸೇತುವೆ ಅಂಥ ಹೊಳೆಯ ಹೊಡೆತ ತಡೆದುಕೊಂಡು ಹೇಗೆ ನಿಂತಿದೆ? ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಅಷ್ಟೊಂದು ಊರುಗಳು ನೆಲಸಮವಾದಾಗ ಇದು ಹೇಗೆ ಉಳಿಯಿತು? ಒಂದೇ ದಿನ ಕೈಯಲ್ಲಿದ್ದರೆ ಯಾವ ಕ್ರಮದಲ್ಲಿ ನೋಡಬೇಕು? ಗೊತ್ತಿರುವವರು ಬಿಡಿಸಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

ಹಳೇಶಾಸನ

ಮೊದಲ ಪ್ರಶ್ನೆಗೆ ನಕ್ಷೆಯೇ ಉತ್ತರ ಕೊಡುತ್ತದೆ. ಡಾನ್ಯೂಬ್ ಹುಟ್ಟುವಲ್ಲಿಂದ ಬೆರಳಿಟ್ಟು ಕೆಳಕ್ಕೆ ಬನ್ನಿ. ಈಶಾನ್ಯಕ್ಕೆ ಹರಿದು ಬರುವ ಹೊಳೆ ಒಂದು ಕಡೆ ಮೈ ತಿರುಗಿಸಿ ಆಗ್ನೇಯಕ್ಕೆ ಇಳಿಯುತ್ತದೆ. ಆ ತಿರುವು ಇಡೀ ಡಾನ್ಯೂಬಿನ ತುತ್ತತುದಿಯ ಉತ್ತರ. ಅಲ್ಲೇ ಉತ್ತರದ ಕಡೆಯಿಂದ ಎರಡು ನದಿ ಬಂದು ಸೇರುತ್ತವೆ: ಸ್ವಲ್ಪ ಮೇಲ್ಗಡೆ ನಾಬ್, ಊರಿನ ಎದುರಿಗೇ ರೇಗನ್. ಈ ಎರಡು ಕಣಿವೆಗಳೂ ಬೊಹೇಮಿಯಾದ (ಈಗಿನ ಜೆಕ್ ದೇಶದ) ಕಡೆ ಹೋಗುವ ದಾರಿಗಳು. ಉತ್ತರದಿಂದ ದಂಡು ಇಳಿದರೂ ಸರಕು ಇಳಿದರೂ ಇಲ್ಲಿಗೇ ಬಂದು ಮುಟ್ಟಬೇಕು.

ರೋಮನ್ನರು ಮೊದಲು ಈಗಿನ ಕುಂಪ್ಫ್‌ಮ್ಯೂಲ್ ಬಡಾವಣೆಯ ದಿಬ್ಬದ ಮೇಲೆ ಚಿಕ್ಕ ಠಾಣ್ಯ ಹಾಕಿದ್ದರು. ಮಾರ್ಕೊಮಾನಿ ಎಂಬ ಜರ್ಮನ್ ಬುಡಕಟ್ಟಿನ ಜೊತೆ ನಡೆದ ಯುದ್ಧಗಳಲ್ಲಿ ಅದು ಹಾಳಾಯಿತು. ಆಮೇಲೆ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದಲ್ಲಿ ಹೊಳೆಯ ಪಕ್ಕದಲ್ಲೇ ಇಡೀ ಲೀಜನ್, ಅಂದರೆ ರೋಮನ್ ಸೇನೆಯ ದೊಡ್ಡ ದಳ, ಹಿಡಿಸುವ ಪಾಳೆಯ ಎದ್ದಿತು. ಸುಮಾರು 540 ಮೀಟರ್ ಉದ್ದ, 450 ಮೀಟರ್ ಅಗಲ, ಒಳಗೆ ಮೂರನೇ ಇಟಾಲಿಕಾ ಲೀಜನ್ನಿನ ಸುಮಾರು 6000 ಮಂದಿ. ಹೆಸರು ಕಾಸ್ಟ್ರಾ ರೆಜಿನಾ, ಅಂದರೆ ರೇಗನ್ ನದಿಯ ಪಾಳೆಯ. ಅದರ ಬಾಗಿಲ ಮೇಲಿದ್ದ ಶಾಸನ ಒಡೆದ ಸ್ಥಿತಿಯಲ್ಲಿ 1873ರಲ್ಲಿ ಸಿಕ್ಕಿತು. ಬಾಗಿಲು, ಬುರುಜುಗಳ ಸಮೇತ ಕೋಟೆ ಕಟ್ಟಿ ಮುಗಿಸಿದ್ದನ್ನು ಅದು ಹೇಳುತ್ತದೆ. ಊರು ತನ್ನ ಹುಟ್ಟನ್ನು ಕ್ರಿ.ಶ. 179 ಎಂದು ಖಚಿತವಾಗಿ ಹೇಳಿಕೊಳ್ಳುವುದು ಈ ಕಲ್ಲಿನ ಬಲದಿಂದಲೇ. ಕಲ್ಲು ಈಗ ಅಲ್ಲಿನ ಐತಿಹಾಸಿಕ ವಸ್ತುಸಂಗ್ರಹಾಲಯದಲ್ಲಿದೆ.

ಆ ಕೋಟೆಯ ಉತ್ತರ ಬಾಗಿಲು ಪೋರ್ಟಾ ಪ್ರೆಟೋರಿಯಾ ಇನ್ನೂ ಬೀದಿಯಲ್ಲೇ ನಿಂತಿದೆ. ನೂರಾರು ವರ್ಷ ಅದು ಬಿಷಪ್ಪರ ಕಟ್ಟಡದ ಗಾರೆಯೊಳಗೆ ಮುಚ್ಚಿಹೋಗಿ, 1885ರಲ್ಲಿ ಮತ್ತೆ ಹೊರಬಿತ್ತು. ಬಿಳಿ ಸುಣ್ಣದ ಗೋಡೆಯ ನಡುವೆ ಒಂದು ಕಮಾನು, ಪಕ್ಕದಲ್ಲಿ ಒಂದು ಬುರುಜು. ಹತ್ತಿರ ಹೋಗಿ ಕಲ್ಲಿನ ಸಂದು ನೋಡಿ. ಆನೆಗಾತ್ರದ ಚೌಕ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಕಲ್ಲಿನ ತೂಕವೇ ಕಲ್ಲನ್ನು ಹಿಡಿದಿದೆ. ಆಲ್ಪ್ಸ್‌ನ ಉತ್ತರಕ್ಕೆ ಇದರ ಜೊತೆ ಹೋಲಿಸಬಹುದಾದ ರೋಮನ್ ಬಾಗಿಲು ಎಂದರೆ ಟ್ರಿಯರ್ ಊರಿನ ಪೋರ್ಟಾ ನಿಗ್ರಾ ಮಾತ್ರ.

ಬುತ್ತಿಗಂಟು

ಇದರ ಜೊತೆ ಒಂದು ಸೇರಿಸುತ್ತೇನೆ. ಡಾಖಾವ್‌ಪ್ಲಾಟ್ಸ್ ಎಂಬಲ್ಲಿನ ಬಹುಮಹಡಿ ಕಾರ್ ಪಾರ್ಕಿಂಗ್ ಒಳಗೆ ರೋಮನ್ ಪೂರ್ವ ಗೋಡೆಯ ಉದ್ದನೆಯ ತುಂಡೊಂದು ಹಾಗೇ ಇದೆ. ಟಿಕೆಟ್ ಇಲ್ಲ, ನೇರ ಒಳಗೆ ಹೋಗಿ ನೋಡಬಹುದು. ಬಾಗಿಲಿಗಿಂತ ಇಲ್ಲಿ ಗೋಡೆಯ ದಪ್ಪ ಚೆನ್ನಾಗಿ ಅರ್ಥವಾಗುತ್ತದೆ. ಪಟ್ಟಿಯಲ್ಲಿ ಮೊದಲು ಇದನ್ನೇ ಇಟ್ಟುಕೊಳ್ಳಿ.

ಕಲ್ಲುಗಾರೆ

ಸೇತುವೆಗೆ ಬರೋಣ. ಶ್ಟೈನರ್ನೆ ಬ್ರ್ಯುಕೆ, ಅಂದರೆ ಕಲ್ಲುಸೇತುವೆ ಅಂತಲೇ ಹೆಸರು. ಕಟ್ಟಲು ಶುರು ಮಾಡಿದ್ದು 1135, ಮುಗಿದದ್ದು 1146. ಆಗ ಬವೇರಿಯಾದ ಡ್ಯೂಕ್ ಹತ್ತನೇ ಹೆನ್ರಿ. 1135 ಯಾಕೆ ಅನ್ನುವುದು ಮುಖ್ಯ. ಆ ವರ್ಷದ ಬೇಸಿಗೆ ವಿಪರೀತ ಬಿಸಿ, ಬರ. ಡಾನ್ಯೂಬ್ ಬತ್ತಿಹೋಗಿತ್ತು. ಹೊಳೆಯಲ್ಲಿ ತಳಪಾಯ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ.

ಕೆಲಸದ ಕ್ರಮ ಹೀಗೆ. ಕಂಬ ನಿಲ್ಲಿಸುವ ಜಾಗದ ಸುತ್ತ ಓಕ್ ಹಲಗೆಗಳ ಬೇಲಿ ಕಟ್ಟಿ ಒಳಗಿನ ನೀರು ಎತ್ತಿ ಚೆಲ್ಲಿದರು. ಹೊಳೆಯ ತಳದ ಮೇಲೆ ಓಕ್ ದಿಮ್ಮಿಗಳನ್ನು ಹಾಸಿ, ಅದರ ಮೇಲೆ ಕಲ್ಲಿನ ಕಂಬ ಎಬ್ಬಿಸಿದರು. ಓಕ್ ಸದಾ ನೀರಿನಡಿಯಲ್ಲೇ ಇದ್ದರೆ ಗಾಳಿ ತಾಗುವುದಿಲ್ಲ, ಕೊಳೆಯುವುದಿಲ್ಲ. ಒಮ್ಮೆ ಒಣಗಿ ಒಮ್ಮೆ ನೆನೆದರೆ ಮಾತ್ರ ಅದಕ್ಕೆ ಸಾವು. ಆಮೇಲೆ ಅರ್ಧವೃತ್ತದ ಕಮಾನುಗಳು, ಒಟ್ಟು 16. ಒಂದರ ಅಗಲ ಒಂದಕ್ಕಿಲ್ಲ: ಸುಮಾರು 10 ಮೀಟರಿನಿಂದ 17 ಮೀಟರಿನ ಹತ್ತಿರದವರೆಗೆ. ಈಗಿನ ಉದ್ದ ಸುಮಾರು 309 ಮೀಟರ್. ಸೇತುವೆ ನೇರವಾಗಿಲ್ಲ, ಸ್ವಲ್ಪ ಬಾಗಿದೆ. ನಡುವಿನಲ್ಲಿ ಎತ್ತರ, ಎರಡು ಕಡೆಗೂ ಇಳಿಜಾರು.

ಕಂಬದ ಬುಡವನ್ನು ಹೊಳೆ ಕೊರೆದು ತಿಂದರೆ ಮೇಲಿನ ಕಲ್ಲು ಎಷ್ಟು ಗಟ್ಟಿಯಿದ್ದರೂ ನಿಲ್ಲದು. ಅದಕ್ಕೆ ಪ್ರತಿ ಕಂಬದ ಸುತ್ತ ಮರದ ಗೂಟ ಬಡಿದು, ಒಳಗೆ ಕಲ್ಲು ತುಂಬಿ, ದೋಣಿಯಾಕಾರದ ಚಿಕ್ಕ ಚಿಕ್ಕ ದ್ವೀಪಗಳನ್ನೇ ಕಟ್ಟಿದ್ದಾರೆ. ಸೇತುವೆಯ ಆಯಸ್ಸಿನ ಗುಟ್ಟು ಇವು. ಅದರ ಶಾಪವೂ ಇವೇ. ಅದನ್ನು ತೀರದಾರಿ ಬರೆಯಲಿ, ಹೊಳೆಯ ವಿಷಯ ಅವರಿಗೇ ಚೆನ್ನಾಗಿ ಗೊತ್ತು.

ಮಳೆಬಿಲ್ಲು_22

16 ಕಮಾನು ಅಂದಿರಿ. ಫೋಟೋದಲ್ಲಿ ಎಷ್ಟು ಸಲ ಎಣಿಸಿದರೂ 16 ಬರುತ್ತಿಲ್ಲವಲ್ಲ?

ಕಲ್ಲುಗಾರೆ

ಸರಿಯಾಗಿ ಎಣಿಸಿದ್ದೀರಿ. ಊರಿನ ಕಡೆಯ, ಅಂದರೆ ದಕ್ಷಿಣದ ಮೊದಲ ಕಮಾನು ಮತ್ತು ಮೊದಲ ಕಂಬ ರಸ್ತೆಯ ಕೆಳಗೆ ಹೂತಿವೆ. 16ನೇ ಶತಮಾನದಲ್ಲಿ ಸೇತುವೆ ಬಾಗಿಲನ್ನು ಮತ್ತೆ ಕಟ್ಟುವಾಗ ಅವು ಒಳಗೆ ಸೇರಿಹೋದವು.

ತೀರದಾರಿ

ಆ ದ್ವೀಪಗಳ ಲೆಕ್ಕ ನೋಡಿ. ಎಲ್ಲವನ್ನೂ ಕೂಡಿಸಿದರೆ ಹೊಳೆಯ ಅಗಲದ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗುತ್ತದೆ. ಹಾಗಾಗಿ ಸೇತುವೆ ಸೇತುವೆಯಷ್ಟೇ ಅಲ್ಲ, ಅರ್ಧ ಅಣೆಕಟ್ಟು. ಮೇಲ್ಗಡೆ ನೀರು ಏರಿ ನಿಲ್ಲುತ್ತದೆ, ಕಮಾನಿನ ಸಂದಿನಲ್ಲಿ ರಭಸದಿಂದ ನುಗ್ಗುತ್ತದೆ, ಕೆಳಗಡೆ ಸುಳಿಯಾಗಿ ತಿರುಗುತ್ತದೆ. ಆ ಸುಳಿಗೆ ಅಲ್ಲಿನವರು ಶ್ಟ್ರೂಡೆಲ್ ಅನ್ನುತ್ತಾರೆ. ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದರೆ ಕಂಬದ ಹಿಂದೆ ನೀರು ಹೊಳೆಯ ವಿರುದ್ಧ ದಿಕ್ಕಿಗೆ ಹರಿಯುವುದು ಬರಿಗಣ್ಣಿಗೇ ಕಾಣುತ್ತದೆ. ಎಲೆ ಬಿದ್ದಿದ್ದರೆ ಅದು ಕೆಳಕ್ಕೆ ಹೋಗಿ, ಮತ್ತೆ ಕಂಬದ ಕಡೆಗೇ ವಾಪಸು ಬಂದು, ಒಂದೆರಡು ಸುತ್ತು ಹಾಕಿ ಮುಳುಗುತ್ತದೆ. ಈಜಲು ಇಳಿಯುವ ಯೋಚನೆ ಖಂಡಿತ ಬೇಡ.

ಈ ರಭಸ ಕೆಲವರಿಗೆ ಅನ್ನವಾಯಿತು. ಕಮಾನುಗಳ ಬಳಿ ಗಿರಣಿಗಳು ಎದ್ದವು. ದೋಣಿಯವರಿಗೆ ಮಾತ್ರ ನರಕ. ಕೆಳಕ್ಕೆ ಹೋಗುವವರು ಒಂದೇ ಕ್ಷಣದಲ್ಲಿ ಕಮಾನಿನ ನಡುವೆ ಗುರಿ ಹಿಡಿಯಬೇಕು, ತಪ್ಪಿದರೆ ಕಂಬಕ್ಕೆ ಬಡಿತ. ಮೇಲಕ್ಕೆ ಬರುವವರನ್ನು ಹಗ್ಗ ಹಾಕಿ ಎಳೆಯಬೇಕು. 20ನೇ ಶತಮಾನದಲ್ಲಿ ಇದಕ್ಕೆಂದೇ ವಿದ್ಯುತ್ತಿನ ಎಳೆಯುವ ಯಂತ್ರ ಇಟ್ಟಿದ್ದರು. ಕೊನೆಗೆ ಉತ್ತರಕ್ಕೆ ಬೇರೆ ಕಾಲುವೆ ತೋಡಿ, ಹಡಗುಗಳನ್ನು ಏರಿಸಿ ಇಳಿಸುವ ನೀರಿನ ಕಟ್ಟೆ (ಲಾಕ್) ಕಟ್ಟಿ, ದೊಡ್ಡ ಹಡಗುಗಳನ್ನು ಸೇತುವೆಯ ತಂಟೆಗೇ ಬಾರದಂತೆ ಸುತ್ತುದಾರಿಯಲ್ಲಿ ಕಳಿಸಿದರು. 1992ರಲ್ಲಿ ಮಾಯಿನ್-ಡಾನ್ಯೂಬ್ ಕಾಲುವೆ ತೆರೆದ ಮೇಲೆ ರೈನ್‌ನಿಂದ ಕಪ್ಪುಸಮುದ್ರದವರೆಗೆ ಹೋಗುವ ಹಡಗುಗಳೆಲ್ಲ ಆ ಸುತ್ತುದಾರಿಯಲ್ಲೇ ಸಾಗುತ್ತವೆ.

ಹೊಳೆಯ ದೊಡ್ಡ ಪೆಟ್ಟು ಬಿದ್ದದ್ದು ಮಂಜುಗಡ್ಡೆಯಿಂದ. 1784ರ ಚಳಿಗಾಲದಲ್ಲಿ ಒಡೆದ ಮಂಜಿನ ಹಾಸುಗಳು ಬಂದು ಕಮಾನುಗಳಿಗೆ ಸಿಕ್ಕಿಕೊಂಡವು. ಕಿಂಡಿ ಕಿರಿದಾದ್ದರಿಂದ ಮುಂದೆ ಹೋಗಲಿಲ್ಲ, ಒಂದರ ಮೇಲೊಂದು ಏರಿದವು. ಸೇತುವೆಗೆ ಮೂರು ಗೋಪುರಗಳಿದ್ದವು. ನಡುವಿನ ಗೋಪುರಕ್ಕೆ ಎಷ್ಟು ಜಖಂ ಆಯಿತೆಂದರೆ ಕೆಡವಲೇಬೇಕಾಯಿತು. ಉತ್ತರದ ಗೋಪುರ 1809ರ ಯುದ್ಧದಲ್ಲಿ ಹಾಳಾಗಿ ಮರುವರ್ಷ ಹೋಯಿತು. ನೆಪೋಲಿಯನ್ ಕಾಲಿಗೆ ಗುಂಡು ತಾಗಿದ್ದೂ ಅದೇ ಯುದ್ಧದಲ್ಲಿ, ಇದೇ ಊರಿನ ಗೋಡೆಯ ಹೊರಗೆ. ಈಗ ಉಳಿದಿರುವುದು ದಕ್ಷಿಣದ ಗೋಪುರ ಒಂದೇ.

ನೆರೆ ಈಗಲೂ ಬರುತ್ತದೆ. ಜೂನ್ 2013ರಲ್ಲಿ ಊರಿನ ಇನ್ನೊಂದು ಸೇತುವೆ ಐಸರ್ನೆ ಬ್ರ್ಯುಕೆ ಬಳಿಯ ಅಳತೆಗೋಲಿನಲ್ಲಿ ನೀರು 6.82 ಮೀಟರಿಗೆ ಏರಿತ್ತು. ದಂಡೆಯುದ್ದಕ್ಕೂ ಲೋಹದ ಕಂಬ ನಿಲ್ಲಿಸಿ ನಡುವೆ ಪಟ್ಟಿ ಜೋಡಿಸುವ ತಾತ್ಕಾಲಿಕ ಗೋಡೆಗಳನ್ನು ಬಳಸುತ್ತಾರೆ. ಆದರೂ ಸೇತುವೆಯ ಪಕ್ಕದ ಹಳೇ ಸಾಸೇಜ್ ಅಡುಗೆಮನೆ ವುರ್ಸ್ಟ್‌ಕುಖ್ಲ್‌ನೊಳಗೆ ನೀರು ನುಗ್ಗುವುದು ತಪ್ಪಿಲ್ಲ.

ದೀಪಸ್ತಂಭ

ಸೇತುವೆ ಕಟ್ಟಿದವನಿಗೂ ಚರ್ಚು ಕಟ್ಟಿದವನಿಗೂ ಪಂದ್ಯ ಬಿದ್ದು, ಸೇತುವೆಯವನು ಸೈತಾನನ ಸಹಾಯ ಪಡೆದ ಕಥೆ ಹೇಳಲೇ ಇಲ್ಲ! ಮೊದಲು ದಾಟುವ ಮೂರು ಜೀವ ಕೊಡುತ್ತೇನೆಂದು ಮಾತು ಕೊಟ್ಟು, ಹುಂಜ, ಕೋಳಿ, ನಾಯಿಯನ್ನು ದಾಟಿಸಿದನಂತೆ. ಸೇತುವೆ ಮೇಲಿನ ಪುಟ್ಟ ಕಲ್ಲಿನ ಗೊಂಬೆ ಆ ಸೇತುವೆಯವನದೇ ಅನ್ನುತ್ತಾರೆ.

ಹಳೇಶಾಸನ

ಕಥೆ ಚೆಂದ, ತಾರೀಖು ಕೂಡಿಬರುವುದಿಲ್ಲ. ಸೇತುವೆ 1146ರಲ್ಲೇ ಮುಗಿದಿತ್ತು. ಹಳೇ ಚರ್ಚು 1273ರಲ್ಲಿ ಸುಟ್ಟಮೇಲೆ ಈಗಿನ ಗೋಥಿಕ್ ಚರ್ಚು ಶುರುವಾಯಿತು. ನಡುವೆ ಒಂದೂಕಾಲು ಶತಮಾನ. ಆ ಗೊಂಬೆಗೆ ಬ್ರುಕ್‌ಮಾಂಡ್ಲ್ ಎಂದು ಹೆಸರು, ಹಣೆಗೆ ಕೈಯಡ್ಡ ಹಿಡಿದು ನೋಡುತ್ತಿದೆ.

ಬೆಳಕಿಂಡಿ

ಚರ್ಚಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಸಂತ ಪೇತ್ರರ ಕೆಥೆಡ್ರಲ್, ಜನರ ಬಾಯಲ್ಲಿ ಡೋಮ್. 16ನೇ ಶತಮಾನದ ಮೊದಲಲ್ಲಿ ದುಡ್ಡಿಲ್ಲದೆ ಕೆಲಸ ನಿಂತಾಗ ಗೋಪುರಗಳು ಮೊಂಡಾಗಿದ್ದವು. ಬವೇರಿಯಾದ ಮೊದಲನೇ ಲುಡ್ವಿಗ್ ಒತ್ತಾಸೆಯಿಂದ 1859ರಿಂದ 1869ರೊಳಗೆ ಎರಡೂ ಗೋಪುರಗಳ ತುದಿ ಎದ್ದಿತು. ಎತ್ತರ 105 ಮೀಟರ್. ಹಾಗಾಗಿ ಮಧ್ಯಯುಗದ ಊರು ಎಂದು ಫೋಟೋದಲ್ಲಿ ಕಾಣುವ ಆಕಾಶರೇಖೆಯ ಮುಖ್ಯ ಭಾಗ 19ನೇ ಶತಮಾನದ್ದು.

ಹತ್ತಿರ ಹೋದರೆ ಗೋಡೆಯಲ್ಲಿ ಎರಡು ಬಣ್ಣದ ಕಲ್ಲು ಕಾಣುತ್ತದೆ. ಬಿಳಿಚಿಕೊಂಡದ್ದು ಸುಣ್ಣಕಲ್ಲು. ಹಸಿರು ಛಾಯೆಯದು ಅಲ್ಲಿನ ಹಸಿರು ಮರಳುಗಲ್ಲು, ಗ್ಲಾಕೊನೈಟ್ ಎಂಬ ಖನಿಜದಿಂದ ಆ ಬಣ್ಣ. ಕೆತ್ತಲು ಬೆಣ್ಣೆಯಂತೆ ಮೃದು, ಅದೇ ಅದರ ದೋಷ. ನೀರು ಹೀರುತ್ತದೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರ ಪದರವಾಗಿ ಸಿಪ್ಪೆ ಬಿಡುತ್ತದೆ. ಅದಕ್ಕೇ ಡೋಮಿನ ಪಕ್ಕದಲ್ಲೇ ಕಲ್ಲುಕುಟಿಗರ ಸರ್ಕಾರಿ ಕಾರ್ಯಾಗಾರ ಕಾಯಂ ಆಗಿ ಇದೆ. ಒಂದು ಮೂಲೆ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಕರೆಯುತ್ತದೆ. ಅಟ್ಟಣಿಗೆ ಕಟ್ಟಿದ್ದು ಕಂಡರೆ ಬೇಸರ ಮಾಡಿಕೊಳ್ಳಬೇಡಿ, ಆ ಕಟ್ಟಡ ಬದುಕಿರುವುದೇ ಆ ಅಟ್ಟಣಿಗೆಯಿಂದ.

ಒಳಗೆ ನಡುವಿನ ಕಂಬದಲ್ಲಿರುವ ನಗುವ ದೇವದೂತನನ್ನು ತಪ್ಪಿಸಬೇಡಿ, 1280ರ ಸುಮಾರಿನ ಕೆತ್ತನೆ. ಹಲ್ಲು ಕಾಣುವಂತೆ ಮನಸಾರೆ ನಗುತ್ತಿರುವ ಕಲ್ಲು. ಎದುರು ಕಂಬದಲ್ಲಿ ಮೇರಿ, ಯೇಸುವಿಗೆ ತಾಯಿಯಾಗುವೆ ಎಂದು ದೇವದೂತ ತಂದ ಸುದ್ದಿಯನ್ನು ಕೈ ಎತ್ತಿ ಕೇಳುತ್ತಿದ್ದಾಳೆ. ಇಬ್ಬರ ನಡುವಿನ ಖಾಲಿ ಜಾಗದಲ್ಲಿ ನಿಂತು ಎರಡನ್ನೂ ನೋಡಬೇಕು. ಬಣ್ಣದ ಗಾಜುಗಳಲ್ಲಿ ಬಹಳಷ್ಟು 14ನೇ ಶತಮಾನದವು. ಹೊರಗೆ ಮಬ್ಬು ಬಿಸಿಲಿದ್ದರೂ ಒಳಗೆ ನೀಲಿ, ಕೆಂಪು ನೆಲಕ್ಕೆ ಬೀಳುತ್ತದೆ.

ಕಲ್ಲುಗಾರೆ

ಸೇತುವೆಗೂ ಇದೇ ರೋಗ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ನೀರಿನ ಜೊತೆ ಕಲ್ಲಿನೊಳಗೆ ಇಳಿದು ಒಳಗಿಂದ ತಿಂದಿತ್ತು. ಕಾರುಗಳನ್ನು 1997ರಲ್ಲೇ ನಿಲ್ಲಿಸಿದರು, 2008ರಲ್ಲಿ ಬಸ್ಸುಗಳನ್ನೂ ನಿಲ್ಲಿಸಿದರು. 2010ರಿಂದ 2018ರವರೆಗೆ ಭಾಗ ಭಾಗವಾಗಿ ಬಿಚ್ಚಿ, ಮೇಲೆ ನೀರು ಇಳಿಯದ ಪದರ ಹಾಕಿ, ಹೊಸ ಹಾಸುಗಲ್ಲು ಕೂರಿಸಿದರು. ಈಗ ಹೊಚ್ಚಹೊಸದಾಗಿ ಕಾಣುತ್ತದೆಂದು ಗೊಣಗುವವರಿದ್ದಾರೆ. ಮೇಲಿನ ಹಾಸು ಹೊಸದಾಗದಿದ್ದರೆ ಕೆಳಗಿನ ಕಮಾನು ಹಳೆಯದಾಗಿ ಉಳಿಯುವುದಿಲ್ಲ.

ಮಳೆಬಿಲ್ಲು_22

ಇಷ್ಟೆಲ್ಲ ಕಟ್ಟುವಷ್ಟು ದುಡ್ಡು ಎಲ್ಲಿಂದ ಬಂತು? ಆಮೇಲೆ ಎಲ್ಲಿ ಹೋಯಿತು?

ಹಳೇಶಾಸನ

ನನ್ನ ಮಟ್ಟಿಗೆ ಈ ಊರಿನ ತಿರುಳೇ ಇದು. ದೀರ್ಘಕಾಲದವರೆಗೆ ಉಲ್ಮ್‌ನಿಂದ ವಿಯೆನ್ನಾದವರೆಗೆ ಡಾನ್ಯೂಬಿಗೆ ಇದ್ದ ಕಲ್ಲಿನ ಸೇತುವೆ ಇದೊಂದೇ. ಉತ್ತರದಿಂದ ಇಟಲಿಗೆ, ಪಶ್ಚಿಮದಿಂದ ಕೀವ್ ಕಡೆಗೆ ಹೋಗುವ ಸರಕು ಇಲ್ಲೇ ಹೊಳೆ ದಾಟಬೇಕು. 12, 13ನೇ ಶತಮಾನದ ವರ್ತಕರು ವೆನಿಸ್‌ನವರೆಗೆ ವ್ಯಾಪಾರ ಮಾಡಿದರು. ಇಟಲಿಯ ಊರುಗಳಲ್ಲಿ ನೋಡಿದ ಗೋಪುರಮನೆಗಳನ್ನು ಇಲ್ಲಿ ತಂದು ಕಟ್ಟಿದರು. ವಾಲೆನ್‌ಸ್ಟ್ರಾಸ್ ಬೀದಿಯ ಗೋಲ್ಡನರ್ ಟುರ್ಮ್ ಸುಮಾರು 50 ಮೀಟರ್. ಇವು ಯುದ್ಧಕ್ಕೆ ಕಟ್ಟಿದವಲ್ಲ, ಅಂತಸ್ತು ತೋರಿಸಲು ಕಟ್ಟಿದವು. ಆ ಗೋಪುರದಲ್ಲಿ ಈಗ ವಿದ್ಯಾರ್ಥಿಗಳು ವಾಸವಿದ್ದಾರೆ.

ಊರಿನ ಎರಡು ಮುಖ ಬೀದಿಯಲ್ಲೇ ಗೊತ್ತಾಗುತ್ತದೆ. ರೋಮನ್ ಗೋಡೆಯ ಒಳಗೆ ಬಿಷಪ್ಪರು, ಡ್ಯೂಕ್, ಮಠಗಳು. ಅದರ ಪಶ್ಚಿಮಕ್ಕೆ ವರ್ತಕರ ಬಡಾವಣೆ. 920ರ ಸುಮಾರಿಗೆ ಡ್ಯೂಕ್ ಆರ್ನುಲ್ಫ್ ಹೊಸ ಗೋಡೆ ಹಾಕಿ ಅದನ್ನು ಊರಿನೊಳಗೆ ಸೇರಿಸಿದ. 1245ರಲ್ಲಿ ಊರು ಯಾವ ಡ್ಯೂಕನ ಕೈಕೆಳಗೂ ಇಲ್ಲದ, ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಗೆ ಮಾತ್ರ ಉತ್ತರ ಕೊಡುವ ಸ್ವತಂತ್ರ ನಗರವಾಯಿತು. ಸೇತುವೆಯ ಆಚೆಬದಿಯ ಶ್ಟಾಟ್‌ಆಮ್‌ಹೋಫ್ ಮಾತ್ರ ಬವೇರಿಯಾದ ಕೈಯಲ್ಲೇ ಉಳಿಯಿತು. ಅಂದರೆ ಸೇತುವೆ ದಾಟುವುದೆಂದರೆ ದೇಶ ದಾಟಿದ ಹಾಗೆ. ಶ್ಟಾಟ್‌ಆಮ್‌ಹೋಫ್ ಊರಿಗೆ ಸೇರಿದ್ದು 1924ರಲ್ಲಿ.

ಆಮೇಲೆ ದುಡ್ಡು ನ್ಯೂರ್ನ್‌ಬೆರ್ಗ್, ಔಗ್ಸ್‌ಬುರ್ಗ್ ಕಡೆ ಹರಿಯಿತು. ವ್ಯಾಪಾರದ ದಾರಿಗಳು ಬದಲಾದವು, ಸುತ್ತ ಬವೇರಿಯಾ ಇದ್ದುದರಿಂದ ಊರಿಗೆ ಬೆಳೆಯಲು ಹೊರಭೂಮಿ ಇರಲಿಲ್ಲ. 1486ರಲ್ಲಿ ಸಾಲದಲ್ಲಿ ಮುಳುಗಿ ಬವೇರಿಯಾದ ಡ್ಯೂಕನಿಗೆ ಶರಣಾಯಿತು. 1492ರಲ್ಲಿ ಚಕ್ರವರ್ತಿ ಬಿಡಿಸಿಕೊಂಡ. ಆ ಬಡತನವೇ ಊರನ್ನು ಉಳಿಸಿತು. ದುಡ್ಡಿದ್ದ ಊರುಗಳು ಹಳೇ ಮನೆ ಕೆಡವಿ ಹೊಸ ಶೈಲಿಯಲ್ಲಿ ಕಟ್ಟಿದವು. ಇಲ್ಲಿನವರು ಹಳೇ ಗೋಪುರಕ್ಕೇ ಕಿಟಕಿ ಕೊರೆದು ವಾಸ ಮಾಡಿದರು. ಯುನೆಸ್ಕೊ 2006ರಲ್ಲಿ ಶ್ಟಾಟ್‌ಆಮ್‌ಹೋಫ್ ಸಮೇತ ಪಟ್ಟಿಗೆ ಸೇರಿಸಿದ್ದು ಹೀಗೆ ಉಳಿದ ಊರನ್ನು.

1663ರಿಂದ 1806ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ ಇಲ್ಲಿನ ಹಳೇ ಪುರಭವನದಲ್ಲಿ ಮುಗಿಯದ ಅಧಿವೇಶನವಾಗಿ ಕೂತಿತ್ತು. ಆ ಸಭಾಂಗಣದಲ್ಲಿ ಆಸನದ ಎತ್ತರವೇ ಅಧಿಕಾರ: ಚಕ್ರವರ್ತಿ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ, ಅವನನ್ನು ಆರಿಸುವ ರಾಜರು ಅದಕ್ಕಿಂತ ಕೆಳಗೆ, ನಗರಗಳ ಪ್ರತಿನಿಧಿಗಳು ನೆಲಮಟ್ಟದಲ್ಲಿ. ಸಭೆ ನಡೆಸಿಕೊಟ್ಟ ಊರಿನ ಪ್ರತಿನಿಧಿಗೂ ನೆಲವೇ ಗತಿ.

ದೀಪಸ್ತಂಭ

ಖಗೋಳ ವಿಜ್ಞಾನಿ ಕೆಪ್ಲರ್ ಸತ್ತದ್ದೂ ಇಲ್ಲೇ ಅಲ್ಲವೇ? 1630ರ ನವೆಂಬರಿನಲ್ಲಿ, ಬರಬೇಕಿದ್ದ ಬಾಕಿ ಹಣ ಕೇಳಲು ಬಂದಾಗ.

ಹಳೇಶಾಸನ

ಹೌದು. ಸತ್ತ ಮನೆ ಈಗ ವಸ್ತುಸಂಗ್ರಹಾಲಯ. ಸಮಾಧಿ ಮಾತ್ರ ಇಲ್ಲ. ಗೋಡೆಯ ಹೊರಗಿನ ಪ್ರಾಟೆಸ್ಟಂಟ್ ಸ್ಮಶಾನ ಮೂವತ್ತು ವರ್ಷದ ಯುದ್ಧದಲ್ಲೇ ಅಳಿಸಿಹೋಯಿತು.

ತೀರದಾರಿ

ಯುದ್ಧದ ಪ್ರಶ್ನೆ ಉಳಿದಿತ್ತು. ಬಾಂಬ್ ಬೀಳಲೇ ಇಲ್ಲ ಅನ್ನುವುದು ತಪ್ಪು. ಊರಿನ ಹೊರಗಿದ್ದ ಮೆಸ್ಸರ್‌ಶ್ಮಿಟ್ ವಿಮಾನ ಕಾರ್ಖಾನೆಯ ಮೇಲೆ 17 ಆಗಸ್ಟ್ 1943ರಂದು ದೊಡ್ಡ ದಾಳಿಯಾಯಿತು. ಹಳೇ ಊರಿನಲ್ಲಿ ಓಬರ್‌ಮ್ಯುನ್‌ಸ್ಟರ್ ಚರ್ಚು 1945ರಲ್ಲಿ ನಾಶವಾಯಿತು. ಉಳಿದದ್ದು ಹೆಚ್ಚುಕಡಿಮೆ ಹಾಗೇ ಉಳಿಯಿತು. ಕಲ್ಲುಸೇತುವೆಗೆ ಪೆಟ್ಟು ಕೊಟ್ಟದ್ದು ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಯೇ. ಏಪ್ರಿಲ್ 1945ರಲ್ಲಿ ಕೆಲವು ಕಮಾನುಗಳನ್ನು ಸಿಡಿಸಿತು, ಪೂರ್ತಿ ರಿಪೇರಿಯಾದದ್ದು 1967ಕ್ಕೆ.

ಅದೇ ದಿನಗಳಲ್ಲಿ ಊರನ್ನು ಹೋರಾಟವಿಲ್ಲದೆ ಒಪ್ಪಿಸಿ ಎಂದು ಜನ ಸೇರಿ ಕೇಳಿದರು. ಡೋಮಿನ ಪಾದ್ರಿ ಯೋಹಾನ್ ಮಾಯರ್ ಜನರ ಪರವಾಗಿ ಮಾತಾಡಿದರು. ಮರುದಿನ, 24 ಏಪ್ರಿಲ್, ಅವರನ್ನು ನೇಣು ಹಾಕಲಾಯಿತು. ಮೂರು ದಿನಕ್ಕೆ ಊರು ಗುಂಡು ಹಾರಿಸದೆ ಅಮೆರಿಕನ್ನರಿಗೆ ಶರಣಾಯಿತು. ಮಾಯರ್ ಅವರನ್ನು ನೇಣು ಹಾಕಿದ ಜಾಗ ಬುತ್ತಿಗಂಟು ಮೇಲೆ ಹೇಳಿದ ಡಾಖಾವ್‌ಪ್ಲಾಟ್ಸ್. ರೋಮನ್ ಗೋಡೆ ನೋಡಿ ಹಾಗೇ ಹೊರಟುಬಿಡಬೇಡಿ.

ಬುತ್ತಿಗಂಟು

ಈಗ ಒಂದು ದಿನದ ಕ್ರಮ. ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲು ಸುಮಾರು ಒಂದೂವರೆ ಗಂಟೆ. ಬವೇರಿಯಾದೊಳಗೆ ಒಂದು ದಿನ ಓಡಾಡಲು ಕೊಡುವ ಬಾಯರ್ನ್ ಟಿಕೆಟ್ ತೆಗೆದುಕೊಂಡರೆ ವಾರದ ದಿನಗಳಲ್ಲಿ ಬೆಳಗ್ಗೆ 9ಕ್ಕೆ ಮೊದಲು ನಡೆಯುವುದಿಲ್ಲ, ಜನ ಇಲ್ಲೇ ಎಡವುತ್ತಾರೆ. ನಿಲ್ದಾಣದಿಂದ ಉತ್ತರಕ್ಕೆ ಹದಿನೈದು ನಿಮಿಷ ನಡೆದರೆ ಹಳೇ ಊರು. ಮೊದಲು ಡಾಖಾವ್‌ಪ್ಲಾಟ್ಸ್ ಗೋಡೆ, ಆಮೇಲೆ ಡೋಮ್, ಅದರ ಹಿಂದೆ ಪೋರ್ಟಾ ಪ್ರೆಟೋರಿಯಾ. ಪುರಭವನದ ಸಭಾಂಗಣ ಗೈಡ್ ಜೊತೆಗೆ ಮಾತ್ರ. ಬಂದ ತಕ್ಷಣ ಸಮಯ ಕೇಳಿ ಟಿಕೆಟ್ ತೆಗೆದಿಡಿ, ಇಲ್ಲದಿದ್ದರೆ ಇಡೀ ದಿನದ ಲೆಕ್ಕ ತಪ್ಪುತ್ತದೆ. ಭಾನುವಾರವಾದರೆ, ಶಾಲೆಗೆ ರಜೆ ಇಲ್ಲದ ಕಾಲದಲ್ಲಿ, ಬೆಳಗಿನ ಪೂಜೆಯಲ್ಲಿ ಡೋಮಿನ ಗಾಯನಶಾಲೆ ಡೋಮ್‌ಶ್ಪಾಟ್ಸನ್‌ನ ಮಕ್ಕಳ ಹಾಡು ಕೇಳಬಹುದು. ಆ ಗಾಯನಶಾಲೆ ತನ್ನ ಮೂಲವನ್ನು 975ಕ್ಕೆ ಒಯ್ಯುತ್ತದೆ.

ಸೇತುವೆಯನ್ನು ಕೊನೆಗೆ ಇಟ್ಟುಕೊಂಡು, ಆಚೆ ದಡಕ್ಕೆ ಹೋಗಿ ಅಲ್ಲಿಂದ ಊರು ನೋಡಿ. ಸೇತುವೆಯ ಬುಡದಲ್ಲಿ 1616ರಿಂದ 1620ರೊಳಗೆ ಕಟ್ಟಿದ ಉಪ್ಪಿನ ಗೋದಾಮಿದೆ, ಈಗ ಪಾರಂಪರಿಕ ತಾಣದ ಮಾಹಿತಿ ಕೇಂದ್ರ. ಹೊಳೆಗೆ ಎದುರಾಗಿ ಎಳೆದು ತಂದ ಉಪ್ಪನ್ನು ಇಲ್ಲಿ ತುಂಬಿಡುತ್ತಿದ್ದರು. ಒಳಗಿನ ಮರದ ತೊಲೆಗಳು ಉಪ್ಪು ಕುಡಿದು ಬಣ್ಣಗೆಟ್ಟಿವೆ.

ಊಟದ ವಿಷಯ. ವುರ್ಸ್ಟ್‌ಕುಖ್ಲ್‌ನಲ್ಲಿ ಹಂದಿಮಾಂಸದ ಸಣ್ಣ ಸಾಸೇಜ್‌ಗಳನ್ನು ಕೆಂಡದ ಮೇಲೆ ಸುಟ್ಟು, ಹುಳಿ ಕೋಸು, ಸಿಹಿ ಸಾಸಿವೆ ಜೊತೆ ಕೊಡುತ್ತಾರೆ. ಸಸ್ಯಾಹಾರಿಗಳು ಹುಳಿ ಕೋಸಷ್ಟೇ ಕೇಳಿದರೆ ಸಾಲದು, ಅದಕ್ಕೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದೂ ಕೇಳಿ. ಬ್ರೆಟ್ಸೆಲ್, ಚೀಸ್ ಹಾಕಿದ ಹಿಟ್ಟಿನ ತುಣುಕುಗಳಾದ ಕೇಸ್‌ಶ್ಪೆಟ್ಸ್ಲೆ ಎಲ್ಲ ಕಡೆ ಸಿಗುತ್ತದೆ. ಅದಕ್ಕೂ ‘ಶ್ಪೆಕ್ (ಹಂದಿಮಾಂಸದ ತುಂಡು) ಬೇಡ’ ಅನ್ನಬೇಕು.

ಬೆಳಕಿಂಡಿ

ನಿಮ್ಮ ಪಟ್ಟಿಯಲ್ಲಿ ನೊಯ್‌ಫಾರ್‌ಪ್ಲಾಟ್ಸ್ ಬಿಟ್ಟುಹೋಗಿದೆ. ಅದನ್ನು ಬಿಟ್ಟರೆ ಊರನ್ನು ಅರ್ಧ ನೋಡಿದ ಹಾಗೆ. ಈಗ ಅಂಗಡಿಗಳ ನಡುವಿನ ವಿಶಾಲ ಚೌಕ. 1519ರ ಫೆಬ್ರವರಿಯವರೆಗೆ ಅದು ಯಹೂದಿ ಕೇರಿ. ಯೆಹೂದಾ ಹೆ-ಹಸೀದ್‌ರಂಥ ವಿದ್ವಾಂಸರು ಬದುಕಿ 1217ರಲ್ಲಿ ಕಾಲವಾದ ಊರು ಇದು. ಯಹೂದಿಗಳಿಗೆ ರಕ್ಷಣೆ ಕೊಟ್ಟಿದ್ದ ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ 1519ರ ಜನವರಿಯಲ್ಲಿ ಸತ್ತ. ಮುಂದಿನವನನ್ನು ಆರಿಸುವ ಮೊದಲೇ, ಆ ಸಂದು ನೋಡಿಕೊಂಡು, ನಗರಸಭೆ ಯಹೂದಿಗಳನ್ನು ಊರು ಬಿಡಿಸಿತು. ಪ್ರಾರ್ಥನಾಮಂದಿರ ಕೆಡವಿದರು, ಸ್ಮಶಾನದ ಕಲ್ಲುಗಳನ್ನು ಕಿತ್ತು ಮನೆ ಕಟ್ಟಲು ಬಳಸಿದರು. ಹೀಬ್ರೂ ಅಕ್ಷರದ ಆ ಕಲ್ಲುಗಳು ಊರಿನ ಗೋಡೆಗಳಲ್ಲಿ ಈಗಲೂ ಅಲ್ಲಲ್ಲಿ ಕಾಣುತ್ತವೆ.

1995ರಿಂದ ಚೌಕವನ್ನು ಅಗೆದಾಗ ಆ ಮನೆಗಳ ನೆಲಮಾಳಿಗೆಗಳು ಹೊರಬಂದವು. ಒಂದು ಕಡೆ 624 ಚಿನ್ನದ ನಾಣ್ಯಗಳ ನಿಧಿಯೂ ಸಿಕ್ಕಿತು. ಕೆಳಗಿನ ಅವಶೇಷಗಳನ್ನು ಗೈಡ್ ಜೊತೆ ಇಳಿದು ನೋಡಬಹುದು. ಮೇಲೆ, ಪ್ರಾರ್ಥನಾಮಂದಿರ ಇದ್ದ ಜಾಗದಲ್ಲೇ, ಇಸ್ರೇಲಿನ ಶಿಲ್ಪಿ ದಾನಿ ಕರವಾನ್ 2005ರಲ್ಲಿ ಅದರ ತಳವಿನ್ಯಾಸವನ್ನು ಬಿಳಿ ಕಲ್ಲಿನಲ್ಲಿ ಎಬ್ಬಿಸಿದ್ದಾರೆ. ಗೋಡೆಯ ರೇಖೆ, ಕಂಬಗಳ ಬುಡ, ಇಳಿದು ಹೋಗುವ ಮೆಟ್ಟಿಲು, ಎಲ್ಲ ಮಂಡಿಯೆತ್ತರದಲ್ಲಿ. ಜನ ಅಲ್ಲಿ ಕೂತು ಮಾತಾಡುತ್ತಾರೆ, ಮಕ್ಕಳು ಆಡುತ್ತಾರೆ. ಅದಕ್ಕೆಂದೇ ಮಾಡಿದ್ದು.

ಕಟ್ಟಡ ಹೇಗಿತ್ತು ಎಂದು ನಮಗೆ ಗೊತ್ತಿರುವುದು ಚಿತ್ರಕಾರ ಆಲ್ಬ್ರೆಖ್ಟ್ ಆಲ್ಟ್‌ಡೋರ್ಫರ್ ಕೆಡವುವ ಮುಂಚೆ ಅಲ್ಲಿಗೆ ಹೋಗಿ ಮಾಡಿದ ಎರಡು ಲೋಹಚ್ಚಿನ ಚಿತ್ರಗಳಿಂದ. ಆತ ನಗರಸಭೆಯಲ್ಲಿದ್ದವನು, ಹೊರಡಿರಿ ಎಂದು ಯಹೂದಿಗಳಿಗೆ ತಿಳಿಸಲು ಹೋದವರಲ್ಲಿ ಒಬ್ಬ. ಒಂದು ಚಿತ್ರ ಮುಖಮಂಟಪದ್ದು, ಇನ್ನೊಂದು ಒಳಗಿನದು, ನಡುವೆ ಕಂಬಗಳ ಸಾಲು. ಆ ಎರಡನೆಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಬಿಳಿ ಕಲ್ಲಿನ ಕಂಬದ ಬುಡಗಳ ಪಕ್ಕ ನಿಂತು ತೆರೆಯಿರಿ.